ಪ್ರಾಯೋಜಿತ ವಿಡಿಯೋ: ಹಣ ಪಡೆದೆನೆಂದು ಹೇಳಿದರೆ ಹೊಣೆ ತೀರಿತೇ?

ಯೂಟ್ಯೂಬ್ ನೋಡುವ ಅಭ್ಯಾಸವುಳ್ಳವರಿಗೆಲ್ಲ ಈ ದೃಶ್ಯ ಚಿರಪರಿಚಿತ. ಹೊಸ ಮೊಬೈಲಿನ ಗುಣದೋಷವನ್ನೋ ಪ್ರವಾಸದ ಅನುಭವವನ್ನೋ ವಿವರಿಸುತ್ತಿದ್ದ ವ್ಯಕ್ತಿ ನಡುವೆ ಮಾತು ನಿಲ್ಲಿಸಿ, 'ಈ ವಿಡಿಯೋದ ಪ್ರಾಯೋಜಕರು ಇಂಥವರು' ಎನ್ನುತ್ತಾನೆ. ಅನಂತರ ಒಂದು ನಿಮಿಷ ಆ ಕಂಪನಿಯ ಗುಣಗಾನ. ಕೆಳಗಿರುವ ಲಿಂಕ್ ಒತ್ತಿದರೆ ರಿಯಾಯಿತಿ ದೊರೆಯುತ್ತದೆ ಎಂಬ ಆಶ್ವಾಸನೆಯೊಂದಿಗೆ ಅದು ಮುಗಿಯುತ್ತದೆ.

ಟಿವಿ ಜಾಹೀರಾತಿಗೂ ಇದಕ್ಕೂ ವ್ಯತ್ಯಾಸವಿದೆ. ಟಿವಿಯಲ್ಲಿ ಸೋಪು ಹೊಗಳುವ ತಾರೆ ಹಣ ಪಡೆದೇ ಹೊಗಳುತ್ತಾರೆಂಬುದು ಮಕ್ಕಳಿಗೂ ಗೊತ್ತು. ಆದರೆ ವಾರಕ್ಕೆರಡು ಬಾರಿ ಮನೆಯವರಂತೆ ಎದುರಿಗೆ ಬಂದು ಮಾತನಾಡುವ ಯೂಟ್ಯೂಬರ್‌ನ ನುಡಿಯನ್ನು ವೀಕ್ಷಕರು ಸ್ನೇಹಿತನ ಸಲಹೆಯೆಂದೇ ಸ್ವೀಕರಿಸುತ್ತಾರೆ. ಕಂಪನಿಗಳು ಬೆಲೆ ತೆತ್ತು ಕೊಳ್ಳುವುದು ಈ ನಂಬಿಕೆಯನ್ನೇ. ಹಾಗಿದ್ದಲ್ಲಿ ಈ ವ್ಯವಹಾರದ ನೀತಿ ಯಾವುದು? 'ಹಣ ಪಡೆದಿದ್ದೇನೆ' ಎಂದು ಹೇಳಿಬಿಟ್ಟರೆ ಎಲ್ಲವೂ ಸರಿಹೋಯಿತೇ? ಅಮೆರಿಕದಲ್ಲಿ ನಡೆದ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

ಬಚ್ಚಿಟ್ಟ ಸಂಭಾವನೆ

ಮೊದಲನೆಯದು 2013ರ ಕೊನೆಯಲ್ಲಿ ನಡೆದದ್ದು. ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ ಒನ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟ ಸಮಯ. ಅದರ ಪ್ರಚಾರಕ್ಕಾಗಿ ಮಷಿನಿಮಾ ಎಂಬ ಸಂಸ್ಥೆ ಜನಪ್ರಿಯ ಯೂಟ್ಯೂಬರ್‌ಗಳಿಗೆ ಹಣ ಕೊಟ್ಟು ವಿಡಿಯೋ ಮಾಡಿಸಿತು. ಅವರಲ್ಲಿ ಒಬ್ಬರಿಗೆ 15 ಸಾವಿರ ಡಾಲರ್, ಇನ್ನೊಬ್ಬರಿಗೆ 30 ಸಾವಿರ ಡಾಲರ್ ಸಂದಿತ್ತು. ಆದರೆ ವಿಡಿಯೋಗಳಲ್ಲಿ ಈ ಸಂಗತಿಯ ಪ್ರಸ್ತಾಪವಿರಲಿಲ್ಲ. ತಮ್ಮ ಸ್ವತಂತ್ರ ಅಭಿಪ್ರಾಯವೆಂಬಂತೆ ಅವರು ಯಂತ್ರವನ್ನು ಹೊಗಳಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ವಂಚನೆಯೆಂದು ಪರಿಗಣಿಸಿತು. 2015ರ ಸೆಪ್ಟೆಂಬರಿನಲ್ಲಿ ಆದ ಒಪ್ಪಂದದಂತೆ, ಮುಂದೆ ಇಂತಹ ಸಂಭಾವನೆಯನ್ನು ವೀಕ್ಷಕರಿಗೆ ಸ್ಪಷ್ಟವಾಗಿ ತಿಳಿಸುವ ಷರತ್ತಿಗೆ ಮಷಿನಿಮಾ ಒಪ್ಪಬೇಕಾಯಿತು.

ಅಂದಿನಿಂದ ಎಲ್ಲರ ಗಮನ ಒಂದೇ ಅಂಶದತ್ತ ಹರಿಯಿತು: ಹಣದ ಸಂಬಂಧವನ್ನು ಬಹಿರಂಗಪಡಿಸುವುದು. 'ಪ್ರಾಯೋಜಿತ' ಎಂಬ ಪದ ಪರದೆಯ ಮೇಲೆ ಮೂಡಿತು. ಹಣ ಪಡೆದ ಪ್ರಚಾರವಿದ್ದರೆ ಅದನ್ನು ಗುರುತು ಮಾಡಬೇಕೆಂದು ಯೂಟ್ಯೂಬ್ ಕೂಡ ನಿಯಮ ಮಾಡಿತು. ಸಮಸ್ಯೆ ಬಗೆಹರಿಯಿತೆಂದೇ ಅನೇಕರು ಭಾವಿಸಿದರು.

'ಹನಿ' ಎಂಬ ಕೂಪನ್ ತಂತ್ರಾಂಶ

ಎರಡನೆಯ ಪ್ರಕರಣ ಈ ಭಾವನೆಯನ್ನು ಅಲುಗಾಡಿಸಿತು. 'ಹನಿ' ಎಂದರೆ ಇಂಗ್ಲಿಷಿನಲ್ಲಿ ಜೇನು. ಈ ಹೆಸರಿನ ಪುಟ್ಟ ತಂತ್ರಾಂಶವನ್ನು ಬ್ರೌಸರ್‌ಗೆ ಜೋಡಿಸಿಕೊಂಡರೆ, ಆನ್‌ಲೈನ್ ಅಂಗಡಿಯಲ್ಲಿ ಹಣ ಪಾವತಿಸುವ ವೇಳೆ ಅದು ಲಭ್ಯವಿರುವ ರಿಯಾಯಿತಿ ಕೂಪನ್‌ಗಳನ್ನು ತಾನೇ ಹುಡುಕಿ ಕೊಡುತ್ತದೆ. ಗ್ರಾಹಕರಿಗೆ ಉಚಿತ. 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಈ ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ 2019ರ ನವೆಂಬರಿನಲ್ಲಿ ಪೇಪಾಲ್ ಪ್ರಕಟಿಸಿತು. ಮಿಸ್ಟರ್ ಬೀಸ್ಟ್ ಸೇರಿದಂತೆ ಘಟಾನುಘಟಿ ಯೂಟ್ಯೂಬರ್‌ಗಳು ಇದರ ಪ್ರಚಾರ ಮಾಡಿದ್ದರು. ಅದು ಜಾಹೀರಾತೆಂಬುದನ್ನು ಅವರು ಮುಚ್ಚಿಡಲಿಲ್ಲ.

2024ರ ಡಿಸೆಂಬರ್ 21ರಂದು 'ಮೆಗಾಲ್ಯಾಗ್' ಎಂಬ ಯೂಟ್ಯೂಬ್ ವಾಹಿನಿ ಈ ತಂತ್ರಾಂಶದ ಮೇಲೆ ಗಂಭೀರ ಆರೋಪಗಳನ್ನು ಹೊರಿಸಿ ವಿಡಿಯೋ ಪ್ರಕಟಿಸಿತು. ಆರೋಪವನ್ನು ಅರಿಯಲು ಆನ್‌ಲೈನ್ ವ್ಯಾಪಾರದ ಒಂದು ಪದ್ಧತಿಯನ್ನು ತಿಳಿಯಬೇಕು. ಯೂಟ್ಯೂಬರ್ ಕೊಟ್ಟ ಲಿಂಕಿನ ಮೂಲಕ ಗ್ರಾಹಕರು ಅಂಗಡಿಗೆ ಬಂದು ವಸ್ತು ಕೊಂಡರೆ, ಅಂಗಡಿಯು ಆ ಯೂಟ್ಯೂಬರ್‌ಗೆ ಕಮಿಷನ್ ಕೊಡುತ್ತದೆ. ಯಾರ ಮೂಲಕ ಬಂದರೆಂಬ ಗುರುತು ಗ್ರಾಹಕರ ಬ್ರೌಸರ್‌ನಲ್ಲಿ ಉಳಿದಿರುತ್ತದೆ. ಒಂದಕ್ಕಿಂತ ಹೆಚ್ಚು ಗುರುತುಗಳಿದ್ದರೆ ಸಾಮಾನ್ಯವಾಗಿ ಕೊನೆಯದಕ್ಕೇ ಮಾನ್ಯತೆ.

ಬಿಲ್ಲಿನ ಮುಂದೆ ನಿಂತ ದಲ್ಲಾಳಿ

ಚಿಕ್ಕಪೇಟೆಯ ಸೀರೆ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಬಸ್ ನಿಲ್ದಾಣದಿಂದ ಗಿರಾಕಿಯನ್ನು ಕರೆತಂದು, ದಾರಿಯುದ್ದಕ್ಕೂ ಅಂಗಡಿಯ ಗುಣ ವರ್ಣಿಸಿದವನು ಒಬ್ಬ. ಬಿಲ್ ಬರೆಯುವ ಮೇಜಿನ ಬಳಿ ಕಾದು ನಿಂತು, 'ಈ ಗಿರಾಕಿ ನನ್ನ ಕಡೆಯವರು' ಎಂದು ಚೀಟಿ ಅಂಟಿಸಿ ಕಮಿಷನ್ ಪಡೆಯುವವನು ಇನ್ನೊಬ್ಬ. ಹನಿ ಮಾಡುತ್ತಿದ್ದುದು ಈ ಎರಡನೆಯವನ ಕೆಲಸವೆಂಬುದು ಆರೋಪದ ತಿರುಳು. ಪಾವತಿಯ ಹಂತದಲ್ಲಿ ಗ್ರಾಹಕರು ತಂತ್ರಾಂಶದ ಗುಂಡಿಯೊತ್ತಿದರೆ ಯೂಟ್ಯೂಬರ್‌ನ ಗುರುತು ಅಳಿದು ಹನಿಯ ಗುರುತು ಕೂರುತ್ತಿತ್ತು. ಕೂಪನ್ ಸಿಗದಿದ್ದಾಗಲೂ ಹೀಗಾಗುತ್ತಿತ್ತು ಎಂದು ವಿಡಿಯೋ ಹೇಳಿತು. ಹನಿಯೊಡನೆ ಒಪ್ಪಂದವಿದ್ದ ಅಂಗಡಿಗಳು ಯಾವ ಕೂಪನ್ ತೋರಿಸಬೇಕೆಂಬುದನ್ನು ತಾವೇ ನಿಯಂತ್ರಿಸಬಹುದಿತ್ತು, ಆದ್ದರಿಂದ 'ಅತ್ಯುತ್ತಮ ರಿಯಾಯಿತಿ' ಎಂಬ ಪ್ರಚಾರ ನಂಬಲರ್ಹವಲ್ಲ ಎಂಬುದು ಇನ್ನೊಂದು ಆರೋಪ.

ಕೊನೆಯ ಗುರುತಿಗೆ ಮಾನ್ಯತೆ ನೀಡುವುದು ಉದ್ಯಮದಲ್ಲಿ ರೂಢಿಯಲ್ಲಿರುವ ಪದ್ಧತಿ, ಹನಿ ಆ ನಿಯಮಗಳನ್ನೇ ಪಾಲಿಸುತ್ತಿದೆ ಎಂದು ಪೇಪಾಲ್ ಸಮರ್ಥಿಸಿಕೊಂಡಿತು. ಆದರೆ ತಿಂಗಳು ಮುಗಿಯುವಷ್ಟರಲ್ಲಿ 'ಲೀಗಲ್ ಈಗಲ್' ವಾಹಿನಿಯ ವಕೀಲ ಡೆವಿನ್ ಸ್ಟೋನ್ ಮತ್ತಿತರರು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. 2025ರ ಮಾರ್ಚಿನಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರ್‌ನ ನಿಯಮ ಬಿಗಿಗೊಳಿಸಿ, ಬಳಕೆದಾರರಿಗೆ ರಿಯಾಯಿತಿಯಂತಹ ನೇರ ಲಾಭವಿಲ್ಲದೆ ಇಂತಹ ಕಮಿಷನ್ ಗುರುತನ್ನು ಸೇರಿಸಕೂಡದೆಂದು ವಿಧಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆರೋಪ ನಿಜವೆಂದಾದರೆ, ನಷ್ಟ ಅನುಭವಿಸಿದವರು ಹನಿಯಿಂದ ಹಣ ಪಡೆದವರು ಮಾತ್ರ ಅಲ್ಲ. ದೊಡ್ಡ ಯೂಟ್ಯೂಬರ್‌ನ ಮಾತು ಕೇಳಿ ವೀಕ್ಷಕರು ತಂತ್ರಾಂಶ ಹಾಕಿಕೊಂಡರು. ಅದರ ಪೆಟ್ಟು ಬಿದ್ದದ್ದು ಹನಿಯ ಒಂದು ಡಾಲರನ್ನೂ ಮುಟ್ಟದ ಸಣ್ಣ ಯೂಟ್ಯೂಬರ್‌ನ ಆದಾಯಕ್ಕೆ. ಒಬ್ಬರ ಪ್ರಾಯೋಜಕತ್ವದ ಹೊರೆ ಮತ್ತೊಬ್ಬರ ಹೆಗಲೇರಿತು.

ತಿಳಿದವರ ಮೌನ

ಪ್ರಕರಣದ ಇನ್ನೊಂದು ಮುಖ ಹೆಚ್ಚು ಚರ್ಚೆಗೆ ಒಳಗಾಯಿತು. ಕೆನಡಾದ ಖ್ಯಾತ ತಂತ್ರಜ್ಞಾನ ವಾಹಿನಿ ನಡೆಸುವ ಲೈನಸ್ ಮೀಡಿಯಾ ಗ್ರೂಪ್, ಕಮಿಷನ್ ವಿಚಾರ ತಿಳಿದು ಕೆಲವು ವರ್ಷ ಮೊದಲೇ ಹನಿಯ ಪ್ರಾಯೋಜಕತ್ವವನ್ನು ಕೈಬಿಟ್ಟಿತ್ತು. ಆದರೆ ಈ ಬಗ್ಗೆ ವಿಡಿಯೋ ಮಾಡಿ ವೀಕ್ಷಕರನ್ನು ಎಚ್ಚರಿಸಲಿಲ್ಲವೆಂಬ ಟೀಕೆಗೆ ಗುರಿಯಾಯಿತು. ಆಗ ತಿಳಿದಿದ್ದುದು ಯೂಟ್ಯೂಬರ್‌ಗಳಿಗಾಗುವ ನಷ್ಟ ಮಾತ್ರ. 'ನಮ್ಮ ಕಮಿಷನ್ ಉಳಿಸಲು ನಿಮ್ಮ ರಿಯಾಯಿತಿ ಬಿಟ್ಟುಕೊಡಿ' ಎಂದು ವೀಕ್ಷಕರನ್ನು ಕೇಳಿದರೆ ಸ್ವಾರ್ಥವೆನಿಸುತ್ತಿತ್ತು ಎಂಬುದು ಸಂಸ್ಥೆಯ ವಿವರಣೆಯ ಸಾರ.

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ಹತ್ತಾರು ಬಾರಿ ಹೊಗಳಿ ಮನೆಮನೆಗೆ ತಲುಪಿಸಿದ ವಸ್ತುವಿನಲ್ಲಿ ದೋಷ ಕಂಡಾಗ ಒಪ್ಪಂದದಿಂದ ಸದ್ದಿಲ್ಲದೆ ಹೊರನಡೆದರೆ ಸಾಕೇ? ಹೊಗಳಿದಷ್ಟೇ ಗಟ್ಟಿಯಾದ ದನಿಯಲ್ಲಿ ಹಿಂದಿನ ಮಾತನ್ನು ತಿದ್ದುವುದು ನ್ಯಾಯವಲ್ಲವೇ? ಮಾರುಕಟ್ಟೆಯಲ್ಲಿ ನಂಬಿಕೆ ಮಾರುವವರಿಗೆ ಈ ಹೊಣೆ ತಪ್ಪಿದ್ದಲ್ಲ.

ಭಾರತದ ಕಾನೂನು ಏನೆನ್ನುತ್ತದೆ?

ಹಣ ಪಡೆದು ವಿಡಿಯೋ ಮಾಡುವ ನಮ್ಮ ನಾಡಿನ ಯೂಟ್ಯೂಬರ್‌ಗಳಿಗೂ ನಿಯಮಗಳಿವೆ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿ 2021ರ ಜೂನ್ 14ರಿಂದ ಜಾರಿಗೆ ತಂದ ಮಾರ್ಗಸೂಚಿಯಂತೆ, ಪ್ರಾಯೋಜಿತ ವಿಡಿಯೋದಲ್ಲಿ ಅದು ಜಾಹೀರಾತೆಂಬ ಗುರುತು ಇರಲೇಬೇಕು. 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡು, 2 ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗದಷ್ಟು ಕಾಲ, ಅದಕ್ಕಿಂತ ದೀರ್ಘವಾದದ್ದರಲ್ಲಿ ಉತ್ಪನ್ನದ ಮಾತು ಬರುವ ಭಾಗದುದ್ದಕ್ಕೂ ಗುರುತು ಕಾಣಬೇಕು. ಅದು ಇಂಗ್ಲಿಷಿನಲ್ಲಿ ಅಥವಾ ಜಾಹೀರಾತಿನ ಭಾಷೆಯಲ್ಲಿ ಇರಬಹುದು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ಹೊರಡಿಸಿದ ಮಾರ್ಗದರ್ಶಿಯಂತೆ, ಹಣವಷ್ಟೇ ಅಲ್ಲದೆ ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯಗಳನ್ನೂ ತಿಳಿಸಬೇಕು. ವಿಡಿಯೋದಲ್ಲಾದರೆ ಮಾತಿನಲ್ಲಿಯೂ ದೃಶ್ಯದಲ್ಲಿಯೂ ಹೇಳಬೇಕು. ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಹುದುಗಿಸಕೂಡದು.

ಇದಕ್ಕಿಂತ ಮುಖ್ಯವಾದುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಮು. ದಾರಿ ತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವರಿಗೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ವರ್ಷ, ಮರುಕಳಿಸಿದಲ್ಲಿ ಮೂರು ವರ್ಷದವರೆಗೆ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳದಂತೆ ನಿಷೇಧಿಸಬಹುದು. ಆದರೆ ಕಂಪನಿಯ ಹೇಳಿಕೆ ನಿಜವೇ ಎಂದು ಸೂಕ್ತ ಪರಿಶೀಲನೆ ನಡೆಸಿದವರಿಗೆ ಅದೇ ಕಲಮು ರಕ್ಷಣೆ ನೀಡುತ್ತದೆ. ಅರ್ಥಾತ್, ಬಹಿರಂಗಪಡಿಸುವುದು ಮೊದಲ ಮೆಟ್ಟಿಲು, ಪರಿಶೀಲಿಸುವುದು ಎರಡನೆಯದು. 'ಕಂಪನಿಯವರು ಬರೆದುಕೊಟ್ಟದ್ದನ್ನು ಓದಿದೆ' ಎಂಬ ಉತ್ತರ ಸಾಲದು.

ಪರಿಶೀಲನೆ ಕಷ್ಟಸಾಧ್ಯವೇನಲ್ಲ. ಉಚಿತವಾಗಿ ಸೇವೆ ನೀಡುವ ಕಂಪನಿಗೆ ಆದಾಯ ಎಲ್ಲಿಂದ ಬರುತ್ತದೆ? ಈ ಒಂದೇ ಪ್ರಶ್ನೆಯನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿದ್ದರೆ ಹನಿಯ ವಿಚಾರದಲ್ಲಿ ಅನೇಕರು ಎಚ್ಚೆತ್ತುಕೊಳ್ಳುತ್ತಿದ್ದರು. ವಸ್ತುವನ್ನು ಸ್ವತಃ ಬಳಸಿ ನೋಡುವುದು, ದೋಷ ಹೇಳುವ ಸ್ವಾತಂತ್ರ್ಯವನ್ನು ಒಪ್ಪಂದದಲ್ಲಿ ಉಳಿಸಿಕೊಳ್ಳುವುದು ಮುಂದಿನ ಹೆಜ್ಜೆಗಳು.

ವೀಕ್ಷಕರೂ ಇದೇ ಪ್ರಶ್ನೆ ಕೇಳಿಕೊಳ್ಳುವುದು ಕ್ಷೇಮ. ವಿಡಿಯೋದ ಮಾತು ನಂಬಿ ಮೋಸಹೋದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಪ್ರಾಯೋಜಕತ್ವ ಪಡೆಯುವುದು ತಪ್ಪಲ್ಲ. ಕ್ಯಾಮೆರಾ, ಸಂಕಲನ, ತಿಂಗಳುಗಟ್ಟಲೆ ದುಡಿಮೆ ಎಲ್ಲಕ್ಕೂ ಖರ್ಚಿದೆ. ವೀಕ್ಷಕರಿಗೆ ವಿಡಿಯೋ ಉಚಿತವಾಗಿ ದೊರೆಯುತ್ತಿರುವುದೂ ಈ ಹಣದಿಂದಲೇ. ಆದರೆ ಕಂಪನಿ ಇಂದು ಬಂದು ನಾಳೆ ಹೋಗುತ್ತದೆ. ವೀಕ್ಷಕರು ನೆನಪಿಟ್ಟುಕೊಳ್ಳುವುದು ಯಾರ ಮಾತು ನಂಬಿ ಲಿಂಕ್ ಒತ್ತಿದೆವು ಎಂಬುದನ್ನು.