ಹೆಸರು ಬದಲಿಸಿದ ಪೂರ್ವಜ: ವಂಶಶೋಧನೆಯ ಒಂದು ನಿದರ್ಶನ

ವಂಶಾವಳಿಯನ್ನು ಶೋಧಿಸುವವನಿಗೆ ಪೂರ್ವಜರ ಹೆಸರೇ ಕೈದೀವಿಗೆ. ತಂದೆಯಿಂದ ಅಜ್ಜನಿಗೆ, ಅಜ್ಜನಿಂದ ಮುತ್ತಜ್ಜನಿಗೆ ಅವನು ಹೆಸರಿನ ಜಾಡು ಹಿಡಿದೇ ಸಾಗುತ್ತಾನೆ. ಆದರೆ ಪೂರ್ವಜನೊಬ್ಬನು ಹೆಸರನ್ನೂ ಕುಲವನ್ನೂ ತಾನಾಗಿಯೇ ಬದಲಿಸಿಕೊಂಡಿದ್ದರೆ ಆ ಜಾಡು ಅಲ್ಲಿಗೆ ಕಡಿದುಹೋಗುತ್ತದೆ. ಅಂತಹ ಸಂದರ್ಭದಲ್ಲಿ ದಾಖಲೆ, ಮನೆತನದ ಐತಿಹ್ಯ, ರಕ್ತಪರೀಕ್ಷೆ ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಸಾಲದೆಂಬುದಕ್ಕೆ ಅಮೆರಿಕದ ಎಸ್ಟನ್ ಹೆಮಿಂಗ್ಸನ ವೃತ್ತಾಂತವು ಉತ್ತಮ ನಿದರ್ಶನವಾಗಿದೆ.

ಎಸ್ಟನ್ನನು 1808ರಲ್ಲಿ ವರ್ಜೀನಿಯ ಪ್ರಾಂತದ ಮಾಂಟಿಸೆಲೊ ಎಂಬ ಜಮೀನ್ದಾರಿಯಲ್ಲಿ ಜನಿಸಿದನು. ಅದರ ಒಡೆಯನು ಅಮೆರಿಕದ ಮೂರನೆಯ ರಾಷ್ಟ್ರಾಧ್ಯಕ್ಷನಾದ ಥಾಮಸ್ ಜೆಫರ್ಸನ್. 1776ರ ಸ್ವಾತಂತ್ರ್ಯ ಘೋಷಣೆಯನ್ನು ಬರೆದವನೂ ಅವನೇ. ಎಸ್ಟನ್ನನ ತಾಯಿ ಸ್ಯಾಲಿ ಹೆಮಿಂಗ್ಸ್ ಅಲ್ಲಿನ ಗುಲಾಮಳು. ಎಸ್ಟನ್ನನ ಪೂರ್ವಿಕರಲ್ಲಿ ಎಂಟನೆಯ ಒಂದು ಪಾಲು ಮಾತ್ರ ಆಫ್ರಿಕಾ ಮೂಲದವರು. ಆದರೂ ತಾಯಿಯ ಸ್ಥಿತಿಯೇ ಮಗುವಿನದು ಎಂಬ ಕಾನೂನಿನಿಂದಾಗಿ ಅವನು ಹುಟ್ಟಿನಿಂದಲೇ ಗುಲಾಮನಾದನು. 1826ರಲ್ಲಿ ಮರಣಹೊಂದಿದ ಜೆಫರ್ಸನ್ನನ ಮೃತ್ಯುಪತ್ರದಿಂದ ಅವನಿಗೂ ಅವನ ಅಣ್ಣ ಮ್ಯಾಡಿಸನ್ನನಿಗೂ ಬಿಡುಗಡೆ ದೊರೆಯಿತು.

ಮುಂದೆ ಎಸ್ಟನ್ನನು ಹೆಂಡತಿ ಮಕ್ಕಳೊಡನೆ ಒಹಾಯೊ ಪ್ರಾಂತದ ಚಿಲಿಕಾಥಿಯಲ್ಲಿ ನೆಲಸಿ, ಪಿಟೀಲುವಾದಕನೆಂದು ಹೆಸರು ಪಡೆದನು. ಅಲ್ಲಿ ಗುಲಾಮಗಿರಿ ಇರಲಿಲ್ಲವಾದರೂ ಕೃಷ್ಣವರ್ಣೀಯರಿಗೆ ಅನೇಕ ನಿರ್ಬಂಧಗಳಿದ್ದವು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯಿದೆಯಿಂದ ಸ್ವತಂತ್ರರಾದವರಿಗೂ ಭಯ ತಪ್ಪಲಿಲ್ಲ. 1852ರಲ್ಲಿ ಆ ಕುಟುಂಬವು ದೂರದ ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರಕ್ಕೆ ಹೊರಟುಹೋಯಿತು. 1850ರ ಜನಗಣತಿಯಲ್ಲಿ ಮಿಶ್ರವರ್ಣೀಯನೆಂದು ನಮೂದಾಗಿದ್ದ ಎಸ್ಟನ್ ಹೆಮಿಂಗ್ಸ್, ಅಲ್ಲಿ ಶ್ವೇತವರ್ಣೀಯನಾದ ಎಸ್ಟನ್ ಜೆಫರ್ಸನ್ ಆದನು. 1856ರಲ್ಲಿ ಅವನು ತೀರಿಕೊಂಡನು.

ಈ ಮಾರ್ಪಾಟಿನಿಂದ ಮಕ್ಕಳಿಗೆ ಲಭಿಸಿದುದು ಅಲ್ಪವಲ್ಲ. ಹಿರಿಯ ಮಗ ಜಾನ್ ವೇಲ್ಸ್ ಜೆಫರ್ಸನ್ ಅಂತರ್ಯುದ್ಧದಲ್ಲಿ ಶ್ವೇತವರ್ಣೀಯರ ದಳವೊಂದರ ಕರ್ನಲ್ ಆದನು. ಆದರೆ ಅದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಯುದ್ಧಕಾಲದಲ್ಲಿ ಭೇಟಿಯಾದ ಚಿಲಿಕಾಥಿಯ ಹಳೆಯ ಪರಿಚಿತನೊಬ್ಬನನ್ನು, ತನ್ನ ಮೂಲವನ್ನು ಯಾರಿಗೂ ತಿಳಿಸಬಾರದೆಂದು ಅವನು ಬೇಡಿಕೊಂಡನೆಂದು 1902ರ ಪತ್ರಿಕಾವರದಿಯೊಂದು ಹೇಳುತ್ತದೆ. ಒಹಾಯೊದಲ್ಲಿಯೇ ಉಳಿದ ಮ್ಯಾಡಿಸನ್ ಹೆಮಿಂಗ್ಸನು ಮಾತ್ರ ಏನನ್ನೂ ಮರೆಮಾಡಲಿಲ್ಲ. ಜೆಫರ್ಸನ್ನನೇ ತಮ್ಮ ತಂದೆಯೆಂದೂ, ತಮ್ಮನು 1852ರಲ್ಲಿ ವಿಸ್ಕಾನ್ಸಿನ್ನಿಗೆ ಹೋದನೆಂದೂ 1873ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿ ಬರೆಯಿಸಿದನು. ಬಹುಪಾಲು ಇತಿಹಾಸಕಾರರು ಆ ಹೇಳಿಕೆಯನ್ನು ದೀರ್ಘಕಾಲ ಗಣನೆಗೆ ತೆಗೆದುಕೊಳ್ಳಲಿಲ್ಲ. ಜೆಫರ್ಸನ್ನನ ಮೊಮ್ಮಕ್ಕಳು ತಮ್ಮ ಅಜ್ಜನ ಸೋದರಳಿಯಂದಿರಾದ ಕಾರ್ ಸೋದರರತ್ತ ಬೆರಳು ತೋರಿದ್ದೇ ಪ್ರಮಾಣವೆನಿಸಿತು.

ಇತ್ತ ಎಸ್ಟನ್ನನ ಸಂತತಿಯಲ್ಲಿ ನಿಜಸಂಗತಿಯ ಮೇಲೆ ಇನ್ನೊಂದು ತೆರೆ ಬಿತ್ತು. 1940ರ ದಶಕದಲ್ಲಿ ಹಿರಿಯರು ಐತಿಹ್ಯವನ್ನೇ ತಿದ್ದಿ, ತಾವು ಜೆಫರ್ಸನ್ನನ ತಂದೆಯ ಸೋದರನೊಬ್ಬನ ವಂಶದವರೆಂದು ಕಿರಿಯರಿಗೆ ಹೇಳತೊಡಗಿದರು. 1974ರಲ್ಲಿ ಫಾನ್ ಬ್ರೋಡಿಯವರು ರಚಿಸಿದ ಜೆಫರ್ಸನ್ನನ ಜೀವನಚರಿತ್ರೆ ಪ್ರಕಟವಾದಾಗ, ಆ ಮನೆತನದವರೊಬ್ಬರು ಅದರಲ್ಲಿ ತಮ್ಮ ಪೂರ್ವಜನ ಹೆಸರನ್ನು ಗುರುತಿಸಿದರು. ಎಸ್ಟನ್ನನು ಮನೆತನದ ಹೆಸರನ್ನು ತೊರೆದಿದ್ದರೂ ಮಕ್ಕಳಿಗೆ ತನ್ನವರ ಹೆಸರುಗಳನ್ನೇ ಇಟ್ಟಿದ್ದನು. ಜಾನ್ ವೇಲ್ಸ್ ಎಂಬುದು ಸ್ಯಾಲಿಯ ತಂದೆಯ ಹೆಸರು. ಬೆವರ್ಲಿ ಎಂಬುದು ಎಸ್ಟನ್ನನ ಹಿರಿಯಣ್ಣನ ಹೆಸರು.

1998ರ ನವೆಂಬರಿನಲ್ಲಿ ಯೂಜೀನ್ ಫಾಸ್ಟರ್ ಮತ್ತು ಸಂಗಡಿಗರ ಪರೀಕ್ಷೆಯ ಫಲಿತಾಂಶವು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಬದಲಾಗದೆ ಇಳಿಯುವ 'ವೈ' ವರ್ಣತಂತುವೇ ಇದಕ್ಕೆ ಆಧಾರ. ಜೆಫರ್ಸನ್ನನ ವಿವಾಹಸಂತತಿಯಲ್ಲಿ ಪುತ್ರರು ಉಳಿದಿರಲಿಲ್ಲವಾದುದರಿಂದ, ಅವನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ನನ ಪುರುಷಸಂತತಿಯವರ ರಕ್ತವನ್ನು ಪರೀಕ್ಷಿಸಲಾಯಿತು. ಎಸ್ಟನ್ನನ ಸಂತತಿಯವರೊಬ್ಬರ ರಕ್ತ ಅದಕ್ಕೆ ಹೊಂದಿತು. ಕಾರ್ ಮನೆತನದವರ ರಕ್ತ ಹೊಂದಲಿಲ್ಲ. ಫೀಲ್ಡನು 1765ರಲ್ಲಿಯೇ ತೀರಿಕೊಂಡಿದ್ದನಾಗಿ ಅವನು 1808ರಲ್ಲಿ ಹುಟ್ಟಿದ ಮಗುವಿನ ತಂದೆಯಾಗಿರಲು ಸಾಧ್ಯವಿರಲಿಲ್ಲ.

ಈ ಪರೀಕ್ಷೆಯು ಎಸ್ಟನ್ನನ ತಂದೆ ಜೆಫರ್ಸನ್ ಮನೆತನದ ಪುರುಷನೆಂಬುದನ್ನು ತೋರಿಸಿತೇ ಹೊರತು, ಆ ಪುರುಷನು ಥಾಮಸನೇ ಎಂದು ತಾನಾಗಿ ನಿರ್ಣಯಿಸಲಾರದು. ಆ ನಿರ್ಣಯಕ್ಕೆ ದಾಖಲೆಗಳ ನೆರವು ಅಗತ್ಯವಾಯಿತು. ಸ್ಯಾಲಿಯ ಪ್ರತಿಯೊಂದು ಮಗುವೂ ಹುಟ್ಟುವ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ನನು ಮಾಂಟಿಸೆಲೊದಲ್ಲಿಯೇ ಇದ್ದನೆಂದು ಅವನ ಕಾಗದಪತ್ರಗಳಿಂದ ತಿಳಿಯುತ್ತದೆ. ಇವೆಲ್ಲವನ್ನೂ ತೂಗಿನೋಡಿ, ಮಾಂಟಿಸೆಲೊವನ್ನು ನಿರ್ವಹಿಸುವ ಪ್ರತಿಷ್ಠಾನವು 2000ದಲ್ಲಿ ಮ್ಯಾಡಿಸನ್ನನ ಹೇಳಿಕೆಯನ್ನು ಎತ್ತಿಹಿಡಿಯಿತು. ಕೆಲವರು ಇಂದಿಗೂ ಇದನ್ನು ಒಪ್ಪದಿದ್ದರೂ ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿದ್ದಾರೆ.

ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನ ಸಂತತಿ ನೆನಪನ್ನು ಉಳಿಸಿಕೊಂಡು ಅವಿಶ್ವಾಸವನ್ನು ಸಹಿಸಿತು. ಇನ್ನೊಬ್ಬನ ಸಂತತಿ ಗೌರವವನ್ನು ಪಡೆದು ನೆನಪನ್ನು ಕಳೆದುಕೊಂಡಿತು. ಎಸ್ಟನ್ನನನ್ನು ವಂಚಕನೆನ್ನುವ ಮೊದಲು, ಅವನ ಮಕ್ಕಳು ನಿರ್ಭಯವಾಗಿ ಬದುಕಲು ಆ ಸಮಾಜವು ಬೇರೆ ಯಾವ ದಾರಿಯನ್ನು ಉಳಿಸಿತ್ತೆಂದು ವಿಚಾರಿಸಬೇಕು. ವಂಶಶೋಧಕನು ಪೂರ್ವಜನ ನಿಜನಾಮವನ್ನು ಅರಿತರೆ ಸಾಲದು; ಅವನು ಅದನ್ನು ತೊರೆದುದೇಕೆಂಬುದನ್ನೂ ಅರಿಯಬೇಕು.