ಬೋಳಾರದ ಹಾಸ್ಯಗಾರ

ನೇತ್ರಾವತಿಯು ಸಮುದ್ರವನ್ನು ಸೇರುವುದಕ್ಕೆ ಮುನ್ನ ಮಂಗಳೂರು ನಗರದ ದಕ್ಷಿಣದ ಅಂಚನ್ನು ತೊಳೆದುಹೋಗುವ ಎಡೆಯಲ್ಲಿ, ಒಂದು ಕಡೆ ಮಂಗಳಾದೇವಿಯ ದೇವಾಲಯವನ್ನೂ ಇನ್ನೊಂದು ಕಡೆ ಹೊಯಿಗೆ ಬಜಾರಿನ ದೋಣಿಗಳನ್ನೂ ನೆರೆಯಾಗಿ ಪಡೆದು, ಹಳೆಕೋಟೆಯ ಮಾರಿಯಮ್ಮನ ಸನ್ನಿಧಿಯಿಂದಲೂ ಹಂಚಿನ ಕಾರ್ಖಾನೆಗಳಿಂದಲೂ ಬಹುಕಾಲ ಗುರುತಿಸಲ್ಪಡುತ್ತಿದ್ದ ಬೋಳಾರವು, ಈಚಿನ ವರ್ಷಗಳಲ್ಲಿ ಒಬ್ಬ ನಟನ ಹೆಸರಿನ ಉತ್ತರಾರ್ಧವಾಗಿ ತುಳುನಾಡಿನ ಮನೆಮನೆಗೂ ಪರಿಚಿತವಾಗಿರುವುದು. ಆ ನಟರು ಅರವಿಂದ ಬೋಳಾರ್. ಅಭಿಮಾನಿಗಳ ಬಾಯಲ್ಲಿ ‘ಅರವಿಂದಣ್ಣ’. ಬಿರುದಿನಲ್ಲಿ ‘ತುಳುವ ಮಾಣಿಕ್ಯ’. ಬಿರುದುಗಳ ವಿಷಯದಲ್ಲಿ ನಮ್ಮ ಕರಾವಳಿ ಕೃಪಣವಾದ ನಾಡಲ್ಲವೆಂಬುದನ್ನು ಬಲ್ಲೆನಾದರೂ, ಈ ಒಂದನ್ನು ಆಕ್ಷೇಪಿಸುವ ಮನಸ್ಸು ನನಗೆ ಬರುವುದಿಲ್ಲ. ನಾನೂ ಅವರ ಅಭಿಮಾನಿಗಳಲ್ಲಿ ಒಬ್ಬನಾದುದರಿಂದ, ಮುಂದಿನ ಮಾತುಗಳನ್ನು ಓದುಗರು ಆ ರಿಯಾಯಿತಿಯೊಡನೆಯೇ ಓದತಕ್ಕದ್ದು.

ನಟನನ್ನು ಕುರಿತು ಹೇಳುವ ಮೊದಲು ಆತನ ನೆಲವನ್ನು ಕುರಿತು ಎರಡು ಮಾತು ಆಡಬೇಕಾಗುತ್ತದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಸಮೀಪದ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಹೊಳೆಯ ದಡದುದ್ದಕ್ಕೂ ಅಂಥವೇ ಹಲವು ಎದ್ದುನಿಂತವು. ಆವೆಮಣ್ಣು ತುಂಬಿದ ದೋಣಿಗಳೂ ಹಂಚು ಹೇರಿದ ಗಾಡಿಗಳೂ ಹಾದುಹೋಗುವ ಈ ದಾರಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಈ ನಾಲ್ಕು ನುಡಿಗಳೂ ಒಂದರ ಹೆಗಲ ಮೇಲೊಂದು ಕೈಯಿರಿಸಿ ನಡೆದವು. ಒಂದು ಭಾಷೆಯಲ್ಲಿ ಆರಂಭವಾದ ಜಗಳ ಮತ್ತೊಂದರಲ್ಲಿ ಮುಗಿಯುವ ಇಂಥ ಕೇರಿಗಳೇ ಹಾಸ್ಯನಟನಿಗೆ ನಿಜವಾದ ಪಾಠಶಾಲೆಗಳು. ವೇಷಕ್ಕೂ ಈ ಊರು ಹೊಸತಲ್ಲ. ಕಲ್ಲಾಡಿ ವಿಠಲ ಶೆಟ್ಟರ ಯಕ್ಷಗಾನ ತಂಡವಾದ ಕರ್ನಾಟಕ ಮೇಳದಲ್ಲಿ, ತುಳು ಪ್ರಸಂಗಗಳ ವೈಭವದ ದಿನಗಳಲ್ಲಿ, ಪ್ರೇಕ್ಷಕರನ್ನು ಬೆಳಗಿನವರೆಗೆ ಎಚ್ಚರವಾಗಿರಿಸಿದ ಬೋಳಾರ ನಾರಾಯಣ ಶೆಟ್ಟರು ಇದೇ ಊರಿನ ಹೆಸರನ್ನು ಹೊತ್ತವರು. ಇನ್ನು ನವರಾತ್ರಿ ಬಂದಿತೆಂದರೆ ಮಂಗಳಾದೇವಿಯ ಆಸುಪಾಸಿನಲ್ಲೆಲ್ಲ ತಾಸೆಯ ಬಡಿತಕ್ಕೆ ಹುಲಿಗಳು ಕುಣಿಯುತ್ತವೆ. ಹುಲಿಗಳ ಹಿಂದಿನಿಂದ ಮಾರ್ನೆಮಿಯ ಬಿಡಿವೇಷಗಳು, ವೈದ್ಯ, ಅಂಚೆಯವ, ಹುಚ್ಚ, ಮುದುಕಿ, ಹೀಗೆ ಮನೆಮನೆಯ ಅಂಗಳಕ್ಕೆ ಬಂದು, ಮನೆಯವರನ್ನು ಕ್ಷಣಕಾಲ ನಗಿಸಿ, ಕೊಟ್ಟಷ್ಟನ್ನು ಪಡೆದು ಮುಂದಕ್ಕೆ ಹೋಗುತ್ತವೆ. ಬೋಳಾರರ ಕಲೆಯನ್ನು ಅರಿಯಬೇಕಾದವನಿಗೆ ಈ ಬಿಡಿವೇಷದ ನೆನಪು ಬಹಳ ಸಹಾಯಕವಾದದ್ದು. ಆ ಮಾತಿಗೆ ಮತ್ತೆ ಬರುವೆನು.

ಅವರನ್ನು ರೂಪಿಸಿದ ಸಂಸ್ಥೆಯೆಂದರೆ ತುಳು ನಾಟಕರಂಗ. ಕೆ. ಎನ್. ಟೇಲರರಂಥವರು ಹಿಂದೆ ಕಟ್ಟಿ ಬೆಳೆಸಿದ, ಆಮೇಲೆ ವಿಜಯಕುಮಾರ್ ಕೊಡಿಯಾಲಬೈಲರ ಕಲಾಸಂಗಮ, ದೇವದಾಸ್ ಕಾಪಿಕಾಡರ ಚಾಪರ್ಕ ಮೊದಲಾದ ತಂಡಗಳು ಮಹಾವ್ಯವಸಾಯವನ್ನಾಗಿಸಿದ ಈ ರಂಗಭೂಮಿಗೆ ಸರಕಾರದ ಅನುದಾನವಾಗಲಿ ವಿಮರ್ಶಕರ ಕೃಪಾದೃಷ್ಟಿಯಾಗಲಿ ಹೆಚ್ಚಾಗಿ ದೊರೆತುದಿಲ್ಲ. ಪುರಭವನ, ಡಾನ್ ಬಾಸ್ಕೊ ಹಾಲ್, ಶಾಲೆಯ ವಾರ್ಷಿಕೋತ್ಸವ, ಜಾತ್ರೆಯ ಗದ್ದೆ, ಮುಂಬಯಿಯ ಜಾತಿಸಂಘಗಳ ಸಭಾಗೃಹ, ಇವೇ ಅದರ ಆಡುಂಬೊಲ. ಮಳೆಗಾಲ ಕಳೆದು ಗದ್ದೆ ಒಣಗಿತೆಂದರೆ ಬೇಸಗೆಯ ಕೊನೆಯವರೆಗೆ ತಂಡಕ್ಕೆ ರಾತ್ರಿಯ ನಿದ್ದೆಯಿಲ್ಲ. ಒಂದೇ ನಾಟಕವು ನೂರಾರು ಸಲ ಪ್ರಯೋಗಗೊಳ್ಳುವುದುಂಟು. ಆದರೆ ನೂರನೆಯ ಪ್ರಯೋಗವು ಮೊದಲನೆಯದನ್ನು ಹೋಲುವುದು ಕಥೆಯಲ್ಲಿ ಮಾತ್ರ. ಮಾತೆಲ್ಲವೂ ಆಡುತ್ತಾಡುತ್ತ ಬೆಳೆದದ್ದು, ಜನ ನಕ್ಕಲ್ಲಿ ಹಿಗ್ಗಿ ನಗದಿದ್ದಲ್ಲಿ ಉದುರಿದ್ದು. ಎದುರಿನ ನಟನು ಯಾವ ಕ್ಷಣದಲ್ಲಿ ಲಿಖಿತವನ್ನು ಬಿಟ್ಟು ಅತ್ತ ಸರಿಯುವನೆಂದು ತಿಳಿಯದೆ, ಸರಿದ ಕೂಡಲೇ ತಕ್ಕ ಉತ್ತರವನ್ನು ಕೊಡಲೇಬೇಕಾದ ಈ ವ್ಯವಸ್ಥೆಯಲ್ಲಿ, ಪ್ರತ್ಯುತ್ಪನ್ನಮತಿಯಿಲ್ಲದವನು ಒಂದು ಹಂಗಾಮನ್ನೂ ಪೂರೈಸಲಾರನು.

ತುಳು ಚಲನಚಿತ್ರದ ಆಯುಷ್ಯವು 1971ರ ‘ಎನ್ನ ತಂಗಡಿ’ಯಿಂದ ಮೊದಲಾಗುತ್ತದೆ. ಮುಂದಿನ ನಾಲ್ವತ್ತು ವರ್ಷ ಅದು ಕುಂಟುತ್ತ ನಡೆಯಿತು. 2011ರಲ್ಲಿ, ಕೊಡಿಯಾಲಬೈಲರ ಜನಪ್ರಿಯ ನಾಟಕವೊಂದು ‘ಒರಿಯರ್ದೊರಿ ಅಸಲ್’ ಎಂಬ ಅದೇ ಹೆಸರಿನಲ್ಲಿ ತೆರೆಗೆ ಬಂದು ಶತದಿನೋತ್ಸವವನ್ನು ಆಚರಿಸಿದಾಗ, ನಾಟಕದ ಪ್ರೇಕ್ಷಕನೇ ಚಿತ್ರದ ಪ್ರೇಕ್ಷಕನೂ ಆಗಬಲ್ಲನೆಂಬ ಸರಳ ಸತ್ಯವು ಹೂಡಿಕೆದಾರರಿಗೆ ಹೊಳೆಯಿತು. 2014ರಲ್ಲಿ ಬಿಡುಗಡೆಯಾದ ‘ಚಾಲಿ ಪೋಲಿಲು’ ಮಂಗಳೂರಿನಲ್ಲಿ ಐನೂರು ದಿನಗಳನ್ನು ದಾಟಿತು. 2011ರ ಜನಗಣತಿಯ ಪ್ರಕಾರ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು 18 ಲಕ್ಷ 46 ಸಾವಿರ ಮಂದಿ. ಇಷ್ಟು ಕಿರಿದಾದ ಭಾಷೆಯ ಚಿತ್ರವೊಂದು ಇಷ್ಟು ದೀರ್ಘಕಾಲ ನಿಲ್ಲಬೇಕಾದರೆ, ಒಬ್ಬೊಬ್ಬನೇ ಹಲವು ಸಲ ಚಿತ್ರಮಂದಿರಕ್ಕೆ ಹೋಗಿರಬೇಕೆಂಬುದು ಊಹೆಗೆ ಕಷ್ಟವಲ್ಲ. ಈ ಎರಡು ಚಿತ್ರಗಳ ಪಾತ್ರವರ್ಗದಲ್ಲಿಯೂ ಅರವಿಂದ ಬೋಳಾರರಿದ್ದರು. ಅಂದಿನಿಂದ ‘ಪಿಲಿಬೈಲ್ ಯಮುನಕ್ಕ’, ‘ಗಿರಿಗಿಟ್’, ‘ಸರ್ಕಸ್’ ಎಂದು ಮುಂದುವರಿದ ಸಾಲಿನಲ್ಲಿ ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್ ಎಂಬ ಮೂರು ಹೆಸರುಗಳು ಭಿತ್ತಿಪತ್ರದ ಮೇಲೆ ಇಲ್ಲದಿದ್ದರೆ ಟಿಕೇಟಿನ ಕಿಟಕಿಯೇ ತೆರೆಯಲಾರದೋ ಎಂಬಂತಾಯಿತು. ಮೂವರ ಹೆಸರಿನಲ್ಲಿಯೂ ಮಂಗಳೂರಿನ ಒಂದೊಂದು ಊರಿರುವುದು ಆಕಸ್ಮಿಕವಾದರೂ ಸೊಗಸಾದ ಆಕಸ್ಮಿಕ.

ಈ ಮೂವರಲ್ಲಿ ಬೋಳಾರರನ್ನು ನಾನು ಬೇರೆಯಾಗಿ ನಿಲ್ಲಿಸಿ ನೋಡುವುದಕ್ಕೆ ಕಾರಣ ಅವರ ಗಾಂಭೀರ್ಯ. ಚಿತ್ರಮಂದಿರವೆಲ್ಲ ನಗೆಯಲ್ಲಿ ಮುಳುಗಿರುವಾಗಲೂ, ತಾನು ಆಡಿದ್ದರಲ್ಲಿ ನಗತಕ್ಕದ್ದೇನಿದೆಯೆಂದು ನಿಜವಾಗಿಯೂ ತಿಳಿಯದವನಂತೆ, ಎದುರಿಗಿರುವವನ ಅವಿವೇಕಕ್ಕಾಗಿ ತುಸು ನೊಂದವನಂತೆ, ಅವರ ಮುಖವು ಸ್ಥಿರವಾಗಿರುತ್ತದೆ. ನಗಿಸುವವನು ತಾನೇ ಮೊದಲು ನಕ್ಕುಬಿಡುವ ದೋಷದಿಂದ ಎಷ್ಟು ಒಳ್ಳೆಯ ವಿದೂಷಕರು ಕೆಟ್ಟಿಲ್ಲ! ಇವರ ಮಾತಾದರೋ ಅತಿವೇಗದ್ದು. ಎದುರಾಳಿಯ ವಾಕ್ಯವು ಪೂರ್ಣವಾಗುವುದಕ್ಕೆ ಮೊದಲೇ ಅದರ ಕೊನೆಯ ಪದವನ್ನು ಕಸಿದುಕೊಂಡು, ಅದಕ್ಕೆ ಆತನು ಕನಸಿನಲ್ಲಿಯೂ ಎಣಿಸದ ಅರ್ಥವನ್ನು ಅಂಟಿಸಿ, ಆತನ ಕೈಗೇ ಹಿಂದಕ್ಕೆ ಕೊಡುವರು. ಇದು ಬರೆದು ಕಲಿಸಿ ಬರುವ ವಿದ್ಯೆಯಲ್ಲ. ಆದರೆ ನಾನು ಹೆಚ್ಚು ಮೆಚ್ಚುವುದು ಮಾತಿಗಿಂತ ಮೊದಲಿನ ಕ್ಷಣವನ್ನು. ಬೇರೆಯವರು ಆಡುತ್ತಿರುವಾಗ ಅವರು ಕೇಳಿಸಿಕೊಳ್ಳುವ ರೀತಿ, ಕುತ್ತಿಗೆಯನ್ನು ಅಷ್ಟಿಷ್ಟೇ ಮುಂದಕ್ಕೆ ಚಾಚಿ, ಅರ್ಥವಾಯಿತೆಂಬ ಒಪ್ಪಿಗೆಯನ್ನು ಮುಖದಲ್ಲಿ ತೋರಿ, ಏನೂ ಅರ್ಥವಾಗಿಲ್ಲವೆಂಬುದನ್ನು ನಮಗೆ ಮಾತ್ರ ತಿಳಿಸುವ ಆ ರೀತಿ, ತುಂಬಿದ ರಂಗಭೂಮಿಯ ಶಿಕ್ಷಣವಿಲ್ಲದೆ ಯಾರಿಗೂ ಒಲಿಯುವಂಥದಲ್ಲ.

‘ಅವರು ಎಲ್ಲ ಪಾತ್ರದಲ್ಲಿಯೂ ಅವರೇ ಆಗಿರುತ್ತಾರಲ್ಲ’ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ನಿಜ, ಅದು ದೋಷವೆಂಬುದನ್ನು ಮಾತ್ರ ನಾನು ಒಪ್ಪಲಾರೆ. ತೆಂಕುತಿಟ್ಟಿನ ಯಕ್ಷಗಾನದ ಹಾಸ್ಯಗಾರನನ್ನು ನೆನೆಯಿರಿ. ಆತನು ಒಂದು ರಾತ್ರಿ ನಾರದ, ಇನ್ನೊಂದು ರಾತ್ರಿ ಬಾಹುಕ, ಮತ್ತೊಂದು ರಾತ್ರಿ ಪಾಪಣ್ಣ. ಪ್ರಸಂಗದ ನಡುವೆ ದೂತನಾಗಿ, ಬ್ರಾಹ್ಮಣನಾಗಿ, ಅಗಸನಾಗಿ ಎಷ್ಟು ಸಲ ಬೇಕಾದರೂ ಬರುವನು. ಅಂಥ ಹಾಸ್ಯಗಾರರಾದ ಮಿಜಾರು ಅಣ್ಣಪ್ಪನವರು ರಂಗಕ್ಕೆ ಬಂದಾಗ ಜನರು ದೂತನನ್ನು ಕಂಡರೆ, ಅಣ್ಣಪ್ಪನವರನ್ನು ಕಂಡರೆ? ಇಬ್ಬರನ್ನೂ ಕಂಡರು, ಮತ್ತು ಇಬ್ಬರ ನಡುವಿನ ಎಡೆಯಲ್ಲಿಯೇ ನಗೆ ಹುಟ್ಟಿತು. ರಾಜನು ಕಥೆಯೊಳಗೆ ಬಂದಿಯಾಗಿರುವಾಗ, ಕಥೆಗೂ ಸಭೆಗೂ ನಡುವೆ ಸುಂಕವಿಲ್ಲದೆ ಓಡಾಡುವ ಅಧಿಕಾರವನ್ನು ನಮ್ಮ ಹಿರಿಯರು ಹಾಸ್ಯಗಾರನಿಗೆ ಮಾತ್ರ ಕೊಟ್ಟಿದ್ದರು. ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದ ನರಸಿಂಹರಾಜುರವರೂ ಈ ಅಧಿಕಾರವನ್ನು ಚಲಾಯಿಸಿದವರೇ, ಅವರೂ ನಾಟಕ ಕಂಪೆನಿಗಳ ಮಗು. ಬೋಳಾರರು ತೆರೆಯ ಮೇಲೆ ಗುಮಾಸ್ತನಾಗಲಿ ಮನೆಯೊಡೆಯನಾಗಲಿ ಕಳ್ಳನಾಗಲಿ, ಅವರು ಆ ಹಳೆಯ ಹಾಸ್ಯಗಾರನ ವಂಶಸ್ಥರು.

ಇದಕ್ಕೆ ಅತ್ಯುತ್ತಮ ನಿದರ್ಶನ ಚಲನಚಿತ್ರದ ಹೊರಗೆ ದೊರೆಯುತ್ತದೆ. ದಾಯ್ಜಿವರ್ಲ್ಡ್ ವಾಹಿನಿಯಲ್ಲಿ ವಾಲ್ಟರ್ ನಂದಳಿಕೆಯವರು ನಡೆಸಿಕೊಟ್ಟ ‘ಪ್ರೈವೇಟ್ ಚಾಲೆಂಜ್’ ಎಂಬ ಕಾರ್ಯಕ್ರಮದಲ್ಲಿ, ಬೋಳಾರರು ಸಂಚಿಕೆಗೊಂದು ವೇಷವನ್ನು ತೊಟ್ಟು ಬಂದು ಕುಳಿತು, ಕೇಳಿದ ಪ್ರಶ್ನೆಗಳಿಗೆ ಆ ವೃತ್ತಿಯ ಪರಮ ತಜ್ಞನ ಠೀವಿಯಿಂದ ಉತ್ತರಿಸುವರು. ಒಂದು ಮೇಜು, ಎರಡು ಕುರ್ಚಿ. ಕಥೆಯಿಲ್ಲ, ಹಾಡಿಲ್ಲ, ನಾಯಕಿಯಿಲ್ಲ. ಪ್ರಶ್ನೆ ಕೇಳುವವರು ನಗೆಯನ್ನು ತಡೆಯಲಾರದೆ ಸೋಲುವರು. ಉತ್ತರ ಹೇಳುವವರ ಮುಖ ಅಲುಗದು. ಮಾರ್ನೆಮಿಯ ಬಿಡಿವೇಷವು ಅಂಗಳವನ್ನು ಬಿಟ್ಟು ಕೈಯಲ್ಲಿನ ದೂರವಾಣಿಯೊಳಗೆ ಬಂದು ಕುಳಿತದ್ದೇ ಇದು. ದುಬಾಯಿಯಲ್ಲಿಯೋ ಮಸ್ಕತ್ತಿನಲ್ಲಿಯೋ ದುಡಿಯುವ ನಮ್ಮವರು ಪಾಳಿ ಮುಗಿಸಿ ಕೋಣೆಗೆ ಬಂದು ಇದನ್ನು ನೋಡುವರೆಂಬುದನ್ನು ತಿಳಿಯಲು ಕರಾವಳಿಯ ಯಾವುದೇ ಮನೆಯಲ್ಲಿ ವಿಚಾರಿಸಿದರೆ ಸಾಕು.

ಇಷ್ಟನ್ನು ಹೊಗಳಿದ ಬಳಿಕ ಒಂದು ಅಸಮಾಧಾನವನ್ನು ಹೇಳದೆ ಬಿಡುವುದು ನ್ಯಾಯವಾಗದು. ಚಿತ್ರ ಮಾಡುವವರು ಬೋಳಾರರನ್ನು ಬಳಸುತ್ತಿರುವರೇ ಹೊರತು ಅವರಿಗಾಗಿ ಬರೆಯುತ್ತಿಲ್ಲ. ಕಥೆ ಸೊರಗಿದಲ್ಲೆಲ್ಲ ಆ ಮೂವರು ಹಾಸ್ಯನಟರನ್ನು ಒಂದೆಡೆ ಕೂರಿಸಿ, ‘ಏನಾದರೂ ಆಡಿ’ ಎಂದು ಕ್ಯಾಮೆರಾವನ್ನು ತಿರುಗಿಸಿಬಿಟ್ಟಂತೆ ಕಾಣುವ ದೃಶ್ಯಗಳು ಒಂದೆರಡಲ್ಲ. ಅಂಥಲ್ಲಿಯೂ ಜನ ನಗುವರು. ಆದರೆ ಆ ನಗು ಮನೆಯ ತನಕ ಜೊತೆಗೆ ಬರುವುದಿಲ್ಲ. ಅತ್ತ, ‘ಸುದ್ದ’ದಂಥ, ‘ಮದಿಪು’ವಿನಂಥ, ‘ಪಡ್ಡಾಯಿ’ಯಂಥ ಗಂಭೀರ ಚಿತ್ರಗಳು ಪ್ರಶಸ್ತಿಗಳನ್ನು ಪಡೆದು ತಮ್ಮ ದಾರಿಯಲ್ಲಿ ತಾವು ಸಾಗಿವೆ, ಇತ್ತ ಹಾಸ್ಯದವರು ತಮ್ಮ ದಾರಿಯಲ್ಲಿ. ಇವೆರಡು ದಾರಿಗಳೂ ಕೂಡುವ ಕವಲಿನಲ್ಲಿ, ನಗದೆ ನಗಿಸುವ ಆ ಮುಖಕ್ಕೆ ಒಂದು ದುಃಖವನ್ನು, ಒಂದು ವಾರ್ಧಕ್ಯವನ್ನು, ಒಂದು ಪಶ್ಚಾತ್ತಾಪವನ್ನು ಕೊಟ್ಟು ನೋಡುವ ಧೈರ್ಯವುಳ್ಳ ನಿರ್ದೇಶಕನು ಬರಬೇಕು, ಅದಕ್ಕೆ ತಡವಾಗಬಾರದು.

ಓದುಗರಲ್ಲಿ ನನ್ನದೊಂದು ವಿನಂತಿ. ತುಳುಚಿತ್ರಗಳನ್ನು ನೋಡಿ ಬೋಳಾರರನ್ನೂ ಅವರ ಜೊತೆಯವರನ್ನೂ ಮೆಚ್ಚಿದವರು, ಬರುವ ಜಾತ್ರೆಯ ಹಂಗಾಮಿನಲ್ಲಿ ಸಮೀಪದ ಊರಿನಲ್ಲಿ ತುಳು ನಾಟಕವೊಂದು ಇದೆಯೆಂದು ತಿಳಿದರೆ, ಮನೆಯವರೊಡನೆ ಹೋಗಿ, ಹಿಂದಿನ ಸಾಲಿನಲ್ಲಿಯಾದರೂ ಕುಳಿತು, ಕೊನೆಯ ಅಂಕದವರೆಗೆ ನೋಡಿರಿ. ತುಳು ಬಾರದವರೂ ಹೋಗಬಹುದು. ಪಕ್ಕದಲ್ಲಿ ಕುಳಿತವರು ನಗುವಿನ ನಡುವೆ ಬಿಡುವಾದಾಗ ಅರ್ಥವನ್ನು ಹೇಳಿಕೊಡುವರು.