ಕಪ್ಪಿನಲ್ಲಿ ಕೊರೆದ ಮನುಷ್ಯರು

ಅಗಲವಾದ ಅಂಚುಳ್ಳ ಹುಲ್ಲುಟೋಪಿ, ಅದರ ಕೆಳಗೆ ಕೆನ್ನೆಯೆಲುಬುಗಳು ಎದ್ದು ಕಾಣುವ ಕಪ್ಪು ಮುಖ, ಮೇಲಂಗಿಯ ಎರಡು ಅಂಚುಗಳನ್ನು ಕೂಡಿಸಿ ಹಿಡಿದಿರುವ ಒಂದು ಸೇಫ್ಟಿ ಪಿನ್ನು: ಎಲಿಜಬೆತ್ ಕ್ಯಾಟ್ಲೆಟ್ ಅವರು 1952ರಲ್ಲಿ ರಚಿಸಿದ ‘ಶೇರ್‌ಕ್ರಾಪರ್’ ಎಂಬ ಲಿನೋಕಟ್ ಚಿತ್ರದಲ್ಲಿ ಇರುವುದು ಹೆಚ್ಚುಕಡಮೆ ಇಷ್ಟೇ. ಪರರ ಹೊಲದಲ್ಲಿ ಪಾಲಿಗೆ ದುಡಿಯುವ ಅಮೆರಿಕದ ಕಪ್ಪು ಹೆಂಗಸೊಬ್ಬಳ ದಾರಿದ್ರ್ಯವನ್ನು ತಿಳಿಸಲು ಆ ಪಿನ್ನೊಂದೇ ಸಾಕಾಗಿರುವಲ್ಲಿ, ಆಕೆಯ ಗಾಂಭೀರ್ಯವನ್ನು ತಿಳಿಸುವ ಭಾರವನ್ನು ಕಲಾವಿದೆಯು ಉಳಿಯ ಗೀಟುಗಳಿಗೆ ವಹಿಸಿದ್ದಾರೆ. ಟೋಪಿಯ ಹೆಣಿಗೆ, ಕೆನ್ನೆಯ ಇಳಿಜಾರು, ಕತ್ತಿನ ಬಿಗುಪು ಇವೆಲ್ಲವೂ ಒತ್ತೊತ್ತಾಗಿ ಕೊರೆದ ಗೆರೆಗಳ ದಿಕ್ಕಿನಿಂದಲೇ ಮೈತಳೆದಿವೆ. ಕ್ಯಾಟ್ಲೆಟ್ ಶಿಲ್ಪವನ್ನು ಅಭ್ಯಾಸ ಮಾಡಿದವರೆಂಬುದನ್ನು ಈ ಮುಖವನ್ನು ಕಂಡವರಿಗೆ ಬೇರೆ ಹೇಳಬೇಕಾದುದಿಲ್ಲ.

ಲಿನೋಕಟ್ ಅಚ್ಚಿಗಾಗಿ ಕೊರೆಯುವ ಲಿನೋಲಿಯಮ್ ಮೂಲತಃ ನೆಲಕ್ಕೆ ಹಾಸುವ ವಸ್ತು. ಅಗಸೆಯೆಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿಮಾಡಿ, ಕಾರ್ಕಿನ ಪುಡಿಯನ್ನು ಬೆರಸಿ, ಬಟ್ಟೆಯ ಮೇಲೆ ಹರಡಿ ಇದನ್ನು ಸಿದ್ಧಪಡಿಸುವ ವಿಧಾನವನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ರೂಢಿಗೆ ತಂದನು. ಮರದ ಹಲಗೆಯನ್ನು ಕೊರೆಯುವವನು ಅದರ ಎಳೆಗಳ ದಾಕ್ಷಿಣ್ಯಕ್ಕೆ ಒಳಗಾಗಿಯೇ ನಡೆಯಬೇಕು. ಲಿನೋಲಿಯಮ್ಮಿನಲ್ಲಾದರೋ ಎಳೆಯೆಂಬುದೇ ಇಲ್ಲವಾದಕಾರಣ ಉಳಿಯು ಎತ್ತ ಬೇಕಾದರೂ ತಿರುಗೀತು, ಮತ್ತು ಗೆರೆಯಲ್ಲಿ ಕಂಡ ನಡುಕವಾಗಲಿ ನಿಶ್ಚಯವಾಗಲಿ ಸಂಪೂರ್ಣವಾಗಿ ಕೈಯದೇ ಆಗಿರುತ್ತದೆ. ಕೊರೆದ ಭಾಗ ಬಿಳಿ, ಉಳಿದ ಭಾಗ ಕಪ್ಪು. ಒಮ್ಮೆ ತೆಗೆದುದನ್ನು ಮರಳಿ ಹಚ್ಚುವ ಉಪಾಯವಿಲ್ಲ. ರೋಲರಿನಿಂದ ಮಸಿಯನ್ನು ತೆಳುವಾಗಿ ಹರಡಿ, ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ; ಆದರೆ ಎಡಬಲಗಳು ಅದಲುಬದಲಾಗಿ ಬರುವುದರಿಂದ, ಬಲಗೈಯಲ್ಲಿ ಊರುಗೋಲು ಬೇಕಾದವನು ಅದನ್ನು ಎಡಗೈಯಲ್ಲಿ ಕೊರೆಯತಕ್ಕದ್ದು.

ಈ ಅಗ್ಗದ ಸಾಧನವು ಬಡವರ ರೂಪಕ್ಕೆ ಒದಗಿದ್ದು ಸಹಜವೇ. 1937ರಲ್ಲಿ ಮೆಕ್ಸಿಕೋ ನಗರದಲ್ಲಿ ಸ್ಥಾಪಿತವಾದ ‘ತಾಯೆರ್ ದೆ ಗ್ರಾಫಿಕಾ ಪಾಪ್ಯುಲಾರ್’ ಎಂಬ ಮುದ್ರಣಶಾಲೆಯ ಕಲಾವಿದರು ಭಿತ್ತಿಪತ್ರಗಳಿಗೂ ಕರಪತ್ರಗಳಿಗೂ ಇದನ್ನು ಧಾರಾಳವಾಗಿ ಬಳಸಿದರು. 1946ರಲ್ಲಿ ಮೆಕ್ಸಿಕೋಗೆ ಹೋದ ಕ್ಯಾಟ್ಲೆಟ್ ಇವರೊಡನೆಯೇ ದುಡಿದರು.

ನಮ್ಮ ದೇಶದಲ್ಲಿ ಇದರ ಸುಪ್ರಸಿದ್ಧ ನಿದರ್ಶನವೆಂದರೆ ಶಾಂತಿನಿಕೇತನದ ನಂದಲಾಲ ಬಸು ಅವರು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ಸಂದರ್ಭದಲ್ಲಿ ಕೊರೆದ ‘ಬಾಪೂಜಿ’. ಕೋಲೂರಿ ನಡೆಯುತ್ತಿರುವ ಗಾಂಧೀಜಿಯವರ ಸುತ್ತ ದಾಂಡಿಯ ಕಡಲಿಲ್ಲ, ಅನುಯಾಯಿಗಳ ಸಾಲಿಲ್ಲ. ಮುಂದಕ್ಕೆ ಬಾಗಿದ ಮೈಯ ವೇಗವೊಂದನ್ನೇ ನಂಬಿದ ಈ ಮಿತವ್ಯಯವು ಬಲವಾದ ಆತ್ಮವಿಶ್ವಾಸವಿಲ್ಲದೆ ಸಾಧ್ಯವಾಗತಕ್ಕದ್ದಲ್ಲ. ಬಂಗಾಳದವರೇ ಆದ ಚಿತ್ತಪ್ರಸಾದರ ದಾರಿ ಬೇರೆ. 1943ರ ಕ್ಷಾಮವನ್ನು ಊರೂರು ತಿರುಗಿ ಚಿತ್ರಿಸಿದ, ತಮ್ಮ ‘ಹಂಗ್ರಿ ಬೆಂಗಾಲ್’ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರಕಾರವು ಸುಡಿಸಿದುದನ್ನು ಕಂಡ ಇವರು, ಮುಂದೆ ಲಿನೋಲಿಯಮ್ಮಿನಲ್ಲಿ ದುಡಿಯುವ ಮಕ್ಕಳನ್ನು ಕೊರೆಯುವಾಗ, ವಯಸ್ಸಿಗೆ ಮೀರಿದ ದಣಿವನ್ನು ಆ ಎಳೆಯ ದೇಹಗಳ ಮೇಲೆ ಹೇರಿದ ಸಮಾಜವನ್ನು ಕ್ಷಮಿಸಲಿಲ್ಲ.

ಪಿಕಾಸೋ ಫ್ರಾನ್ಸಿನ ವಾಲೋರಿಸ್ ಊರಿನಲ್ಲಿ ಒಂದೇ ಲಿನೋಲಿಯಮ್ ಹಾಳೆಯನ್ನು ಹಂತಹಂತವಾಗಿ ಕೊರೆಯುತ್ತ ಬಣ್ಣದ ಮೇಲೆ ಬಣ್ಣವನ್ನು ಅಚ್ಚೊತ್ತಿದುದು ಚಮತ್ಕಾರವೇ ಸರಿ. ನನಗಾದರೋ ಒಂದೇ ಕಪ್ಪಿನ ಚಿತ್ರಗಳಲ್ಲಿಯೇ ಹೆಚ್ಚು ವಿಶ್ವಾಸ. ಅಚ್ಚುಗಳಾದುದರಿಂದ ಇವುಗಳ ಮೂಲಪ್ರತಿ ಒಂದೇ ಕಡೆ ಇರಬೇಕಾದುದಿಲ್ಲ: ‘ಬಾಪೂಜಿ’ಯನ್ನು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿಯೂ, ಕ್ಯಾಟ್ಲೆಟ್ಟರ ರೈತಮಹಿಳೆಯನ್ನು ನ್ಯೂಯಾರ್ಕಿನಲ್ಲಿಯೂ ಷಿಕಾಗೋದಲ್ಲಿಯೂ ಇರಿಸಿದ್ದಾರೆ.